ಯಾರೂ ಕೈ ಹಾಕದ ನಕ್ಷೆ: ಮೈಸೂರಿನ 30×40 ಸೈಟಿನಲ್ಲಿ ಆರ್ಕಿಟೆಕ್ಟ್ ಪಾಲಿಗೆ ಉಳಿಯುವುದೇನು?

ಸರಸ್ವತಿಪುರಂ ಆರ್ಕಿಟೆಕ್ಟ್:

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಹದಿನೇಳು ವರ್ಷದಿಂದ ಮನೆ ನಕ್ಷೆ ಮಾಡಿಕೊಂಡು ಬಂದವಳು ನಾನು. ಹಳೇ ಮನೆಯೊಂದರ ಮಹಡಿ ಮೇಲೆ ಆಫೀಸು, ಜೊತೆಗೆ ಇಬ್ಬರು ಹುಡುಗರು. ಕಳೆದ ವಾರ ಒಂದು ಮನೆಯ ಕೊನೆಯ ಪ್ರಿಂಟ್ ತೆಗೆದು ಮೇಜಿನ ಮೇಲೆ ಹಾಸಿಕೊಂಡಾಗ ಮನಸ್ಸಿಗೆ ಕಸಿವಿಸಿಯಾಯಿತು. ಇದರಲ್ಲಿ ನಾನು ಎಳೆದ ಗೆರೆ ಯಾವುದು?

ವಿಜಯನಗರದ ಕಡೆ, ಪೂರ್ವಕ್ಕೆ ರಸ್ತೆ ಇರುವ 30×40 ಸೈಟು. ನಿಯಮದಂತೆ ಸುತ್ತ ಜಾಗ ಬಿಟ್ಟ ಮೇಲೆ ನಮಗೆ ದಕ್ಕಿದ್ದು 24 ಅಡಿಗೆ 34 ಅಡಿ. ಅಲ್ಲಿಗೆ ಮನೆಯ ಹೊರಗೆರೆ ನನ್ನದಲ್ಲ. ದೇವರ ಮನೆ ಈಶಾನ್ಯಕ್ಕೆ, ಅಡುಗೆಮನೆ ಆಗ್ನೇಯಕ್ಕೆ, ಯಜಮಾನರ ಕೋಣೆ ನೈರುತ್ಯಕ್ಕೆ, ನೀರಿನ ಸಂಪು ಮತ್ತೆ ಈಶಾನ್ಯಕ್ಕೆ. ಅಲ್ಲಿಗೆ ಒಳಗಿನ ಗೆರೆಗಳೂ ನನ್ನವಲ್ಲ. ಮನೆಯವರ ಕಡೆಯ ಜೋಯಿಸರು ಬಂದು, ಆಯ, ಅಂದರೆ ಉದ್ದ ಅಗಲದ ವಾಸ್ತು ಲೆಕ್ಕ, ಕೂಡಿಬರಲಿಲ್ಲ ಅಂತ 24×34 ಇದ್ದದ್ದನ್ನು 23×33 ಮಾಡಿಸಿದರು. ಮಹಡಿಯನ್ನು ಮುಂದೆ ಕಟ್ಟಿ ಬಾಡಿಗೆಗೆ ಕೊಡಬೇಕು, ಅದಕ್ಕೆ ಮೆಟ್ಟಿಲು ಹೊರಗಿಂದಲೇ ಇರಬೇಕು. ಎಲಿವೇಶನ್, ಅಂದರೆ ಮನೆಯ ಮುಂಭಾಗದ ನೋಟದ ವಿಷಯಕ್ಕೆ ಬಂದರೆ, ಮಗ ಫೋನಿನಲ್ಲಿ ನಲವತ್ತು ಫೋಟೊ ತುಂಬಿಕೊಂಡೇ ಬಂದಿದ್ದ. ಅದರಲ್ಲಿ ಒಂದೂ ನಮ್ಮ ಊರಿನ ಬಿಸಿಲು ಕಂಡ ಮನೆಯಲ್ಲ.

ಬೇಜಾರಿನಲ್ಲಿ ಕೂತಿದ್ದಾಗ ಒಂದು ವಿಷಯ ಹೊಳೆಯಿತು. ಇಷ್ಟು ಜನ ಇಷ್ಟೆಲ್ಲ ಹೇಳಿದರೂ ಸೆಕ್ಷನ್ ಬಗ್ಗೆ ಒಬ್ಬರೂ ತುಟಿ ಬಿಚ್ಚಿಲ್ಲ. ಸೆಕ್ಷನ್ ಅಂದರೆ ಮನೆಯನ್ನು ಹಲಸಿನ ಹಣ್ಣಿನ ಹಾಗೆ ಮೇಲಿಂದ ಕೆಳಕ್ಕೆ ಸೀಳಿ ತೋರಿಸುವ ನಕ್ಷೆ. ಸೂರು ಎಲ್ಲಿ ತಗ್ಗಬೇಕು, ಎಲ್ಲಿ ಏರಬೇಕು, ಬೆಳಕು ಎಷ್ಟು ಎತ್ತರದಿಂದ ಬೀಳಬೇಕು, ಬಿಸಿ ಗಾಳಿ ಎಲ್ಲಿಂದ ಆಚೆ ಹೋಗಬೇಕು ಅನ್ನುವುದೆಲ್ಲ ಇರುವುದು ಅಲ್ಲೇ. ವಾಸ್ತು ಹೇಳುವವರು ದಿಕ್ಕು ನೋಡುತ್ತಾರೆ, ಕಚೇರಿಯವರು ಸುತ್ತ ಬಿಟ್ಟ ಜಾಗ ಅಳೆಯುತ್ತಾರೆ, ನೆಂಟರು ಮುಂದಿನ ಗೋಡೆ ನೋಡುತ್ತಾರೆ. ಸೀಳಿದ ಮನೆಯನ್ನು ನೋಡುವವಳು ನಾನೊಬ್ಬಳೇ.

ಬ್ರಹ್ಮಸ್ಥಾನದಲ್ಲಿ ಕಂಬ, ಗೋಡೆ ಬರಬಾರದು ಅಂತ ಜೋಯಿಸರೇ ನಡುಭಾಗವನ್ನು ಖಾಲಿ ಬಿಡಿಸಿದ್ದರು. ಅಲ್ಲಿ ಊಟದ ಮೇಜು ಬರುತ್ತದೆ. ಆ 8×10 ಅಡಿಯ ಮೇಲೆ ಮಾತ್ರ ಸೂರನ್ನು 10 ಅಡಿಯಿಂದ 13 ಅಡಿಗೆ ಎತ್ತಿದೆ. ಎತ್ತಿದ ಗೋಡೆಯ ಉತ್ತರಕ್ಕೂ ಪೂರ್ವಕ್ಕೂ ಎರಡಡಿ ಎತ್ತರದ ಕಿಂಡಿಗಳು. ನಮ್ಮ ಅಜ್ಜಿಯ ತೊಟ್ಟಿ ಮನೆಯಲ್ಲಿ ತೊಟ್ಟಿ ಮಾಡುತ್ತಿದ್ದ ಕೆಲಸವನ್ನು ಈ ಸಣ್ಣ ಮನೆಯಲ್ಲಿ ಇದು ಮಾಡಬೇಕು ಅಂತ ನನ್ನ ಆಸೆ.

ನಿಮಗೆಲ್ಲ ಇಂಥ ಜಾಗ ಯಾವ ನಕ್ಷೆಯಲ್ಲಿ ಸಿಕ್ಕಿದೆ? ಇನ್ನೊಂದು ಮಾತೂ ಕೇಳಬೇಕು. ಎಲಿವೇಶನ್ ನನ್ನದಲ್ಲದ ನಕ್ಷೆಗೆ ನಾನು ಸಹಿ ಹಾಕುವುದು ಸರಿಯೇ?

ಕುವೆಂಪುನಗರ ಎಂಜಿನಿಯರ್:

ಮೇಡಂ, ಮೊದಲು ಆಯದ ಲೆಕ್ಕ ಹೇಳಿಬಿಡ್ತೀನಿ, ಇಲ್ಲಿ ತುಂಬ ಜನಕ್ಕೆ ಉಪಯೋಗ ಆಗುತ್ತೆ. ನಮ್ಮ ಕಡೆ ಬಳಕೆಯಲ್ಲಿರುವ ಒಂದು ಕ್ರಮದಲ್ಲಿ ಉದ್ದ, ಅಗಲ ಗುಣಿಸಿ, 9ರಿಂದ ಗುಣಿಸಿ, 8ರಿಂದ ಭಾಗಿಸುತ್ತಾರೆ. ಶೇಷ 1 ಬಂದರೆ ಧ್ವಜಾಯ, 3 ಸಿಂಹಾಯ, 5 ವೃಷಭಾಯ, 7 ಗಜಾಯ. ಇವು ನಾಲ್ಕೂ ಒಳ್ಳೆಯವು. ಶೇಷ ಸಮಸಂಖ್ಯೆ ಬಂದರೆ, ಏನೂ ಉಳಿಯದಿದ್ದರೆ ಬೇಡ. ನಿಮ್ಮ 24×34 ಅಂದರೆ 816, ನಿಶ್ಶೇಷವಾಗಿ ಹೋಗುತ್ತೆ, ಕಾಕಾಯ. 23×33 ಅಂದರೆ 759, ಶೇಷ 7, ಗಜಾಯ.

ಈಗ ನೋಡಿ, ಬೆಸವನ್ನು ಬೆಸದಿಂದ ಗುಣಿಸಿದರೆ ಬೆಸವೇ. ಹಾಗಾಗಿ ಎರಡೂ ಅಳತೆ ಬೆಸ ಅಡಿಯಲ್ಲಿದ್ದರೆ ಶೇಷ ತಾನಾಗಿಯೇ 1, 3, 5, 7ರಲ್ಲಿ ಒಂದು. ಮೊದಲ ದಿನವೇ ಬೆಸ ಅಳತೆ ಇಟ್ಟುಕೊಂಡು ಶುರು ಮಾಡಿದರೆ ಕೊನೇ ಗಳಿಗೆಯಲ್ಲಿ ಗೋಡೆ ಸರಿಸುವ ಪ್ರಮೇಯವೇ ಬರಲ್ಲ. ನಾನು ಇಪ್ಪತ್ತು ವರ್ಷದಿಂದ ಹಾಗೇ ಮಾಡ್ತಾ ಬಂದಿದ್ದೀನಿ, ಒಬ್ಬ ಜೋಯಿಸರ ಜೊತೆಗೂ ಜಗಳ ಆಡಿಲ್ಲ.

ಇನ್ನು ನಿಮ್ಮ ಎತ್ತಿದ ಸೂರು. ಮುಂದೆ ಮಹಡಿ ಕಟ್ಟುತ್ತಾರೆ ಅಂದಿರಿ. ಆಗ ಆ 13 ಅಡಿಯ ಭಾಗ ಮೇಲಿನ ಮನೆಯ ನಡುಮನೆಯಲ್ಲಿ ಮೂರಡಿ ಕಟ್ಟೆಯಾಗಿ ಎದ್ದು ನಿಲ್ಲುತ್ತೆ. ಕಿಂಡಿಯೂ ಮುಚ್ಚಿಹೋಗುತ್ತೆ. ಹತ್ತು ವರ್ಷ ಆದಮೇಲೆ ಅವರು ಬೈಯುವುದು ನಿಮ್ಮನ್ನೇ. ಅದಕ್ಕೆ ಉತ್ತರ ಇದೆಯಾ?

ಐದನೇ ವರ್ಷ:

ನಾನು ಆರ್ಕಿಟೆಕ್ಚರ್ ಕೊನೇ ವರ್ಷದ ವಿದ್ಯಾರ್ಥಿ. ಮೇಡಂ ಬರೆದಿದ್ದು ಓದಿ ಭಯ ಆಯ್ತು ಅಂದ್ರೆ ತಪ್ಪಾಗಲ್ಲ. ಐದು ವರ್ಷ ನಮಗೆ ಕೊಟ್ಟ ಸೈಟುಗಳೆಲ್ಲ ಕೆರೆ ದಂಡೆ, ಗುಡ್ಡದ ಇಳಿಜಾರು, ದೊಡ್ಡ ದೊಡ್ಡ ಬಯಲು. ಮ್ಯೂಸಿಯಂ ಮಾಡಿದ್ದೀನಿ, ಸಂಗೀತ ಶಾಲೆ ಮಾಡಿದ್ದೀನಿ. 30×40 ಮನೆ ಒಂದೂ ಮಾಡಿಲ್ಲ. ಆಯ ಅನ್ನೋ ಪದ ಇವತ್ತೇ ಮೊದಲು ಕೇಳಿದ್ದು. ಅರಮನೆ ಕಟ್ಟಿದವರಿಗೂ ಹೀಗೆ ಕಟ್ಟುಪಾಡು ಇತ್ತಾ, ಇಲ್ಲ ಅವರು ಬೇರೆ ಪುಣ್ಯ ಮಾಡಿದ್ದರಾ?

ನಿವೃತ್ತ ಡ್ರಾಫ್ಟ್ಸ್‌ಮನ್:

ಮಗೂ, ಅರಮನೆ ಹುಟ್ಟಿದ್ದೇ ಕಟ್ಟುಪಾಡಿನಲ್ಲಿ. ಮೊದಲಿದ್ದದ್ದು ಮರದ ಅರಮನೆ. 1897ರಲ್ಲಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು. ರಾಜರು ಆಗ ಇನ್ನೂ ಬಾಲಕ. ಮಹಾರಾಣಿ ವಾಣಿವಿಲಾಸ ಸನ್ನಿಧಾನ ರಾಜಪ್ರತಿನಿಧಿಯಾಗಿ ಆಳುತ್ತಿದ್ದ ಕಾಲ. ಶಿಮ್ಲಾದಲ್ಲಿ ವೈಸರಾಯ್ ಬಂಗಲೆ ಕಟ್ಟಿದ್ದ ಹೆನ್ರಿ ಇರ್ವಿನ್‌ಗೆ ಕೆಲಸ ಒಪ್ಪಿಸಿದರು. ಬೆಂಕಿ ಕಂಡ ಮನೆತನ ಮತ್ತೆ ಮರವನ್ನು ನಂಬೀತೇ? ಕಲ್ಲು, ಇಟ್ಟಿಗೆ, ಕಬ್ಬಿಣ ಬಂದವು. ಕಲ್ಯಾಣ ಮಂಟಪದಲ್ಲಿ ನಿಂತು ಆ ಎರಕದ ಕಂಬಗಳನ್ನು ನೋಡಿ, ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ಎರಕ ಹೊಯ್ದು ತಂದವು. ಇಟ್ಟಿಗೆ ಕಂಬವಾಗಿದ್ದರೆ ಅಷ್ಟು ತೆಳುವಾಗಿ ನಿಲ್ಲುತ್ತಿರಲಿಲ್ಲ, ಮೇಲಿನ ನವಿಲು ಗಾಜಿನ ಬೆಳಕು ಹಾಗೆ ಕೆಳಗೆ ಇಳಿಯುತ್ತಿರಲಿಲ್ಲ. 1912ರ ಹೊತ್ತಿಗೆ ಕೆಲಸ ಮುಗಿಯಿತು.

ಇನ್ನೊಬ್ಬರ ಹೆಸರು ನಿಮ್ಮ ಕಾಲೇಜಿನಲ್ಲಿ ಹೇಳಿದ್ದಾರೋ ಇಲ್ಲವೋ. ಆಟೊ ಕೋನಿಗ್ಸ್‌ಬರ್ಗರ್. ಹಿಟ್ಲರನ ಕಾಟಕ್ಕೆ ಜರ್ಮನಿ ಬಿಟ್ಟವರು. 1939ರಿಂದ 1948ರವರೆಗೆ ಮೈಸೂರು ಸಂಸ್ಥಾನದ ಮುಖ್ಯ ಆರ್ಕಿಟೆಕ್ಟ್. ಅವರು ಕಲಿತು ಬಂದದ್ದು ಅಲಂಕಾರವಿಲ್ಲದ ಹೊಸ ಕಟ್ಟಡ, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಒಲವು ಗುಮ್ಮಟ, ಕಮಾನುಗಳ ಕಡೆ. ಇಬ್ಬರ ರುಚಿ ಹೊಂದಿಸಿಕೊಂಡೇ ಕೆಲಸ ಮಾಡಬೇಕಾಯಿತು. ಆದರೆ ಈ ನಾಡಿನ ಬಿಸಿಲು, ಗಾಳಿ, ಮಳೆ ಇವುಗಳನ್ನು ಅಭ್ಯಾಸ ಮಾಡುವುದಕ್ಕೆ ಯಾರೂ ಅಡ್ಡ ಬರಲಿಲ್ಲ. ಮುಂದೆ ಲಂಡನ್ನಿಗೆ ಹೋಗಿ ಉಷ್ಣವಲಯದ ಕಟ್ಟಡಗಳ ಬಗ್ಗೆ ಲೋಕಕ್ಕೆ ಪಾಠ ಹೇಳಿದರು. ಆ ಪಾಠದ ಮೊದಲ ಅಕ್ಷರ ಕಲಿತದ್ದು ನಮ್ಮ ಸಂಸ್ಥಾನದಲ್ಲಿ.

ಮನೆ ಕಟ್ಟಿಸಿದವಳು:

ಇಲ್ಲಿ ಎಲ್ಲರೂ ನಕ್ಷೆ ಮಾಡುವವರೇ ಇದ್ದೀರಿ. ಮನೆಯಲ್ಲಿ ವಾಸ ಮಾಡುವವಳಾಗಿ ಒಂದು ಮಾತು ಹೇಳಬೇಕು. ಕೋಪ ಮಾಡ್ಕೋಬೇಡಿ.

ಒಂಬತ್ತು ವರ್ಷದ ಹಿಂದೆ ನಾವೂ ಆರ್ಕಿಟೆಕ್ಟ್ ಹತ್ರ ಮಾಡಿಸಿದೆವು. ಅವರೂ ನಿಮ್ಮ ಹಾಗೇ ಉತ್ಸಾಹದಿಂದ ಹಾಲಿನ ಸೂರನ್ನ ಹದಿನೆಂಟು ಅಡಿಗೆ ಎತ್ತಿ, ಮೇಲೆ ಗಾಜು ಹಾಕಿಸಿದರು. ಗೃಹಪ್ರವೇಶಕ್ಕೆ ಬಂದವರೆಲ್ಲ ತಲೆ ಎತ್ತಿ ನೋಡಿದ್ದೇ ನೋಡಿದ್ದು. ಮೊದಲ ಮಳೆಗಾಲದಲ್ಲೇ ಗಾಜಿನ ಅಂಚಿನಿಂದ ತೊಟ್ಟಿಕ್ಕೋಕೆ ಶುರು. ಸೋಫಾ ಸರಿಸಿ ಬಕೆಟ್ ಇಟ್ಟೆವು. ನಾಲ್ಕು ಸಲ ರಿಪೇರಿ ಆಯ್ತು. ಮಾರ್ಚ್ ಬಂತು ಅಂದ್ರೆ ಮಧ್ಯಾಹ್ನ ಅಲ್ಲಿ ಕೂರೋಕಾಗಲ್ಲ, ನೆತ್ತಿ ಸುಡುತ್ತೆ. ಜೇಡರ ಬಲೆ ತೆಗೆಯೋಕೆ ಹಬ್ಬದ ಮುಂಚೆ ಪೇಂಟರ್ ಏಣಿ ಬಾಡಿಗೆಗೆ ತರಬೇಕು. ನನ್ನ ಅತ್ತೆ ಬದುಕಿದ್ದಷ್ಟು ದಿನ ಆ ಗಾಜನ್ನು ನೋಡಿ, ಇದನ್ನ ಗುಡಿಸೋರು ಯಾರು ಅಂತ ಯಾರಾದ್ರೂ ಕೇಳಿದ್ರೇನಮ್ಮ ಅನ್ನೋರು. ಯಾರೂ ಕೇಳಿರಲಿಲ್ಲ.

ಸೀಳಿದ ನಕ್ಷೆ ನಮಗೆ ಓದೋಕೆ ಬರಲಿಲ್ಲ, ಅದಕ್ಕೇ ನಾವು ಸುಮ್ಮನಿದ್ದದ್ದು. ಒಪ್ಪಿಗೆ ಇತ್ತು ಅಂತಲ್ಲ.

ಸರಸ್ವತಿಪುರಂ ಆರ್ಕಿಟೆಕ್ಟ್:

ಅಕ್ಕಾ, ನಿಮ್ಮ ಕೊನೆಯ ಸಾಲು ಮೂರು ಸಲ ಓದಿದೆ. ನಾನು ಅದನ್ನು ಸ್ವಾತಂತ್ರ್ಯ ಅಂತ ಎಣಿಸಿದ್ದೆ. ಎದುರಿಗಿರುವವರಿಗೆ ನಕ್ಷೆ ತಿಳಿಯದೆ ಇರುವುದರಿಂದ ಸಿಕ್ಕಿದ ಬಿಡುವು ಅದು ಅಂತ ಹೊಳೆದಿರಲೇ ಇಲ್ಲ. ನಿಮ್ಮ ಅತ್ತೆಯವರ ಪ್ರಶ್ನೆಯನ್ನು ನನ್ನ ಹುಡುಗರಿಗೆ ಓದಿ ಹೇಳಿದ್ದೇನೆ.

ಗಾಜಿನ ಸೂರು ನಾನೂ ಹಾಕುವುದಿಲ್ಲ. ನಮ್ಮೂರು ಇರುವುದು 12 ಡಿಗ್ರಿ ಚಿಲ್ಲರೆ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ಭಾಗದಲ್ಲೊಮ್ಮೆ, ಆಗಸ್ಟ್ ಮೂರನೇ ವಾರದ ಸುಮಾರಿಗೆ ಮತ್ತೊಮ್ಮೆ ಸೂರ್ಯ ನೆತ್ತಿಯ ನೇರಕ್ಕೇ ಬರುತ್ತಾನೆ. ಮೇಲೆ ಗಾಜು ಹಾಕುವುದು ಅಂದರೆ ಒಲೆಯ ಬಾಯಿ ತೆರೆದಂತೆ. ಕಿಂಡಿ ಗೋಡೆಯಲ್ಲಿದ್ದರೆ ಹಾಗಲ್ಲ. ಜೂನ್ ತಿಂಗಳಲ್ಲಿ ಮಧ್ಯಾಹ್ನದ ಸೂರ್ಯ ಸ್ವಲ್ಪ ಉತ್ತರಕ್ಕೆ ವಾಲಿರುತ್ತಾನೆ, ಆದರೂ ಎಷ್ಟು ಮೇಲಿರುತ್ತಾನೆ ಅಂದರೆ ಎರಡಡಿಯ ಕಿಂಡಿಗೆ ಅರ್ಧ ಅಡಿ ಸಜ್ಜಾ ಕೊಟ್ಟರೆ ನೇರ ಬಿಸಿಲು ಒಳಗೆ ಬೀಳುವುದಿಲ್ಲ. ಬೆಳಗಿನ ಓರೆ ಬಿಸಿಲು ಬಂದರೆ ಬರಲಿ, ಅದು ಹಿತವಾಗಿಯೇ ಇರುತ್ತದೆ.

ಎಂಜಿನಿಯರ್ ಸರ್, ಮಹಡಿಯ ಪ್ರಶ್ನೆಗೆ ಇನ್ನೂ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಎತ್ತಿದ ಭಾಗವನ್ನು ಮಧ್ಯದಿಂದ ಉತ್ತರದ ಗೋಡೆ ಕಡೆಗೆ ಸರಿಸಿದರೆ, ಮಹಡಿ ಕಟ್ಟುವಾಗ ಅಷ್ಟು ಜಾಗವನ್ನು ಮೇಲಿನವರ ಬಾಲ್ಕನಿ ಮಾಡಿ, ಅದರ ಬದಿಯಲ್ಲಿ ಕಿಂಡಿ ಉಳಿಸಿಕೊಳ್ಳಬಹುದೇನೋ. ಲೆಕ್ಕ ಹಾಕುತ್ತಿದ್ದೇನೆ.

ಮದ್ದೂರು ಗಾರೆ ಮೇಸ್ತ್ರಿ:

ಮೇಡಮ್ಮೋರೆ, ನಾನು ಓದಿರೋದು ಏಳನೇ ಕ್ಲಾಸು. ನನ್ನ ಮಗಳು ಇದ್ನ ಓದಿ ಹೇಳುದ್ಲು, ಅವಳೇ ಟೈಪ್ ಮಾಡ್ತಾವ್ಳೆ. ನೀವು ಸೀಳ್ದಂಗೆ ಬರೀತೀರಲ್ಲ ನಕ್ಷೆ, ಅದ್ನ ಯಾರೂ ನೋಡಕಿಲ್ಲ ಅಂದ್ರಿ. ನಾವ್ ನೋಡ್ತೀವಿ ಕಣಮ್ಮ. ಸೆಂಟ್ರಿಂಗ್ ಹೊಡ್ಯೋನು ನೋಡ್ತಾನೆ, ಕಂಬಿ ಕಟ್ಟೋನು ನೋಡ್ತಾನೆ. ನೋಡಿ ಬಾಯಿ ಮುಚ್ಕೊಂಡಿರ್ತೀವಿ. ಯಾಕಂದ್ರೆ ಯಾರೂ ಕೇಳಕಿಲ್ಲ.

ಎತ್ತಿರೋ ಸೂರು ಸೋರೋದು ಎಲ್ಲಿ ಗೊತ್ತಾ? ಮೇಲಿನ ಮೋಲ್ಡಲ್ಲಿ, ಅಂದ್ರೆ ಕಾಂಕ್ರೀಟ್ ಹಾಕಿದ ಸೂರಲ್ಲಿ ಅಲ್ಲ. ಕೆಳಗಿನ ಮೋಲ್ಡ್ ಮೇಲೆ ಗೋಡೆ ಎದ್ದೇಳ್ತದಲ್ಲ, ಆ ಸಂದೀಲಿ. ಕೆಳಗಡೆ ಮೋಲ್ಡ್ ಹಾಕಿ, ಒಣುಗುದ್ಮೇಲೆ ಅದ್ರ ಮೇಲೆ ಇಟ್ಟಿಗೆ ಕಟ್ಟುದ್ರೆ ಅಲ್ಲಿ ಬೆಸುಗೆ ಕೂರಕಿಲ್ಲ, ನೀರು ಹಿಡ್ಕೊಂಡು ಒಳಕ್ಕೆ ಇಳೀತದೆ. ಅದ್ಕೆ ಮೋಲ್ಡ್ ಹಾಕೋ ದಿನಾನೇ, ಅದೇ ಮಾಲಲ್ಲಿ, ಸುತ್ತ ಒಂಬತ್ತಿಂಚು ಎತ್ತರಕ್ಕೆ ಕಾಂಕ್ರೀಟ್ ಕಟ್ಟೆ ಎಬ್ಬಿಸ್ಬುಡಿ. ಇಟ್ಟಿಗೆ ಅದ್ರ ಮೇಲಿಂದ ಶುರುವಾಗ್ಲಿ. ನೀರು ಒಂಬತ್ತಿಂಚು ಹತ್ತಿ ಒಳಕ್ಕೆ ಬಂದದಾ? ಕೆಳಗಡೆ ತಾರ್ಸಿಗೆ ವಾಟ ಆಚೆ ಕಡೀಕೆ ಕೊಡಿ. ಸಜ್ಜಾ ತಳದಲ್ಲಿ, ತುದೀಗೆ ಒಂದ್ ಇಂಚು ಒಳಗೆ, ಒಂದು ಗೀರು ಎಳೀಬೇಕು. ಆ ಗೀರು ಇಲ್ದಿದ್ರೆ ನೀರು ಸಜ್ಜಾ ತಳ ನೆಕ್ಕೊಂಡು ಗೋಡೆಗೆ ಬತ್ತದೆ.

ಇನ್ನೊಂದು. ಪೂರ್ವದ ಕಡೀಕೆ ಕಿಂಡಿ ಇಟ್ಟಿದೀನಿ ಅಂದ್ರಿ. ಮುಂಗಾರು ಪಡುವಲಿಂದ ಬತ್ತದೆ, ಸರಿ. ಹಿಂಗಾರು ಮಳೆ ಮೂಡಲಿಂದ ಹೊಡೀತದಲ್ಲ, ಅದ್ಕೇನ್ ಮಾಡೀರಿ? ಬಡಗಲ ಕಡೀಕೆ ಮಾತ್ರ ಇಟ್ಕೊಳಿ. ಪಾರಿವಾಳ ನುಗ್ದಂಗೆ ಜಾಲರಿ ಹಾಕ್ಸಿ. ಎಳ್ದು ಮುಚ್ಚೋಕೆ ಒಂದು ಹಗ್ಗ ಕಟ್ಟುದ್ರೆ ಆ ಅಕ್ಕ ಹೇಳ್ದಂಗೆ ಏಣಿ ತರೋ ಪಾಡು ಇರಕಿಲ್ಲ.

ಕುವೆಂಪುನಗರ ಎಂಜಿನಿಯರ್:

ಮೇಸ್ತ್ರಿಗಳೇ, ನೂರಕ್ಕೆ ನೂರು ಸರಿ. ಆ ಕಾಂಕ್ರೀಟ್ ಕಟ್ಟೆಯನ್ನು ನಾನೂ ಎಷ್ಟೋ ನಕ್ಷೆಯಲ್ಲಿ ಬರೆದಿದ್ದೀನಿ, ಸೈಟಿನಲ್ಲಿ ಶಟರಿಂಗ್ ಕಷ್ಟ ಅಂತ ಕಂಟ್ರಾಕ್ಟರ್ ಬಿಟ್ಟುಬಿಡ್ತಾರೆ. ಮೇಡಂ, ಮೋಲ್ಡ್ ಹಾಕುವ ದಿನ ನೀವೇ ನಿಂತಿರಿ.

ಗದ್ದೆಬಯಲು:

ಮಂಡ್ಯದಲ್ಲಿ ಆರ್ಕಿಟೆಕ್ಟ್ ನಾನು. ನಿಮಗೆ ಮೈಸೂರಿನಲ್ಲಿ ಸೂರಿನ ಚಿಂತೆ, ನಮಗೆ ಪಾಯದ ಚಿಂತೆ. ನಮ್ಮಲ್ಲಿ ಊರ ಸುತ್ತ ಬರುವ ಹೊಸ ಬಡಾವಣೆಗಳು ಬಹಳಷ್ಟು ಒಂದು ಕಾಲದ ಗದ್ದೆಗಳೇ. ವಿಶ್ವೇಶ್ವರಯ್ಯ ನಾಲೆಯ ನೀರು ಉಂಡ ನೆಲ. ಕಾಗದದ ಮೇಲೆ ಕನ್ವರ್ಷನ್ ಆಗಿರುತ್ತೆ, ಮಣ್ಣಿಗೆ ಅದು ಗೊತ್ತಿರುವುದಿಲ್ಲ. ಮೂರಡಿ ಅಗೆದರೆ ಕೆಸರು, ಐದಡಿಗೂ ಗಟ್ಟಿ ಸಿಗದ ಸೈಟು ನೋಡಿದ್ದೇನೆ. ಮನೆಯವರು ಎಲಿವೇಶನ್ನಿಗೆ ಅಂತ ಎತ್ತಿಟ್ಟ ದುಡ್ಡು ನೆಲದೊಳಗೆ ಹೋಗಿಬಿಡುತ್ತೆ, ಹೊರಗೆ ಕಾಣುವುದೂ ಇಲ್ಲ.

ಕಬ್ಬು ಬೆಳೆಯುವ ಕುಟುಂಬವೊಂದಕ್ಕೆ ಮನೆ ಮಾಡುವಾಗ ಹೀಗೇ ಆಯಿತು. ಪಕ್ಕದ ಗದ್ದೆಗೆ ನೀರು ಬಿಟ್ಟಾಗ ನಮ್ಮ ಸೈಟಿನಲ್ಲಿ ಒರತೆ ಏಳುತ್ತಿತ್ತು. ಪಾಯವನ್ನು ರಸ್ತೆಯಿಂದ ಮೂರೂವರೆ ಅಡಿ ಎತ್ತರಿಸದೆ ಗತಿ ಇರಲಿಲ್ಲ. ದುಡ್ಡೆಲ್ಲ ಅಲ್ಲೇ ಮುಗಿಯಿತು. ಅಷ್ಟು ಎತ್ತರ ಹೇಗೂ ಬಂತಲ್ಲ ಅಂತ, ಮುಂದಿನ ಇಡೀ ಉದ್ದಕ್ಕೆ ಚಪ್ಪಡಿ ಹಾಸಿ ಜಗಲಿ ಮಾಡಿದೆ. ಟ್ರಾಕ್ಟರಿನಿಂದ ಮೂಟೆ ಇಳಿಸಲು ಒಂದು ತುದಿ, ಯಜಮಾನರು ಕಾಲು ಇಳಿಬಿಟ್ಟು ಕೂರಲು ಇನ್ನೊಂದು ತುದಿ. ಈಗ ಆ ಬೀದಿಯ ಅರ್ಧ ಜನ ಸಂಜೆ ಅಲ್ಲೇ ಇರುತ್ತಾರೆ. ಮಣ್ಣು ಚೆನ್ನಾಗಿದ್ದಿದ್ದರೆ ನಾನು ಆ ಜಗಲಿ ಬರೆಯುತ್ತಲೇ ಇರಲಿಲ್ಲ, ಒಂದೂವರೆ ಅಡಿ ಪಾಯ, ಎರಡು ಮೆಟ್ಟಿಲು ಅಂತ ಮುಗಿಸಿರುತ್ತಿದ್ದೆ.

ಹಳಬರು ಇದನ್ನು ನಮಗಿಂತ ಚೆನ್ನಾಗಿ ಬಲ್ಲವರು. ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಗೆ ಹೋಗಿ ನೋಡಿ, ಪೂರ್ಣಯ್ಯನವರ ಕಾಲದ್ದು, 1804ರ ಕೆಲಸ. ಹೆಸರು ಇಂಗ್ಲಿಷಿನವನದು, ಆದರೆ ಒಂದೂ ಕಮಾನಿಲ್ಲ. ಕಲ್ಲಿನ ಕಂಬ, ಮೇಲೆ ಚಾಚುಗಲ್ಲು, ಅದರ ಮೇಲೆ ಕಲ್ಲಿನ ತೊಲೆ, ಅಂದರೆ ನಮ್ಮ ದೇವಸ್ಥಾನದ ಮಂಟಪ ಕಟ್ಟುವ ಕ್ರಮವೇ ಹೊಳೆಗೆ ಇಳಿದಂತೆ. ಕಲ್ಲಿನ ತೊಲೆ ಉದ್ದ ಚಾಚಲಾರದು, ಅದಕ್ಕೇ ಕಂಬಗಳು ಒತ್ತೊತ್ತಾಗಿ ಬಂದವು. ಕಾವೇರಿ ಅದನ್ನು ಇನ್ನೂರು ವರ್ಷದಿಂದ ಪರೀಕ್ಷೆ ಮಾಡುತ್ತಿದ್ದಾಳೆ.

ಅಗ್ರಹಾರದ ಸುಣ್ಣ:

ಹಳೇ ಕಟ್ಟಡಗಳ ಜೀರ್ಣೋದ್ಧಾರ ನನ್ನ ಕೆಲಸ. ಕೈ ಕಟ್ಟಿಹಾಕಿದ ಕೆಲಸ ಅಂದರೆ ನನ್ನದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹೊಸದಾಗಿ ಒಂದು ಕಿಟಕಿಯನ್ನೂ ನಾನು ಬರೆಯುವ ಹಾಗಿಲ್ಲ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಗಳು ಹೋದವು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಅವತ್ತಿನಿಂದ ಕೆಡವಬೇಕೋ ಉಳಿಸಬೇಕೋ ಅನ್ನುವ ಜಗ್ಗಾಟ, ಕೋರ್ಟು ಕಚೇರಿ. ನನ್ನ ಪಕ್ಷ ಉಳಿಸುವವರ ಪಕ್ಷ, ಮುಚ್ಚುಮರೆ ಇಲ್ಲ.

ಆದರೆ ಕೆಲಸಕ್ಕೆ ಇಳಿದರೆ ದಿನವೂ ನಿರ್ಧಾರವೇ. ಒಂದು ಗೋಡೆಯ ಕಥೆ ಹೇಳುತ್ತೇನೆ. ಅಗ್ರಹಾರದ ಮನೆ, ಮಣ್ಣಿಟ್ಟಿಗೆ, ಸುಣ್ಣದ ಗಾರೆ. ಯಾರೋ ಹಿಂದೊಮ್ಮೆ ಗಟ್ಟಿಯಾಗಲಿ ಅಂತ ಮೇಲೆ ಸಿಮೆಂಟ್ ಮೆತ್ತಿದ್ದರು. ಸುಣ್ಣದ ಗೋಡೆ ಉಸಿರಾಡುತ್ತದೆ, ಹೀರಿದ ತೇವವನ್ನು ಹೊರಕ್ಕೆ ಬಿಡುತ್ತದೆ. ಸಿಮೆಂಟು ಬಾಯಿ ಕಟ್ಟಿತು. ತೇವ ಒಳಗೇ ಉಳಿದು ಇಟ್ಟಿಗೆ ಪುಡಿಯಾಗತೊಡಗಿತ್ತು. ಬೆರಳಿನಿಂದ ಕೆರೆದರೆ ಅವಲಕ್ಕಿಯ ಹಾಗೆ ಉದುರುತ್ತಿತ್ತು. ಸಿಮೆಂಟ್ ಎಬ್ಬಿಸಿ, ಒಂದು ಇಡೀ ಬೇಸಿಗೆ ಗೋಡೆಯನ್ನು ಬರಿ ಮೈಯಲ್ಲಿ ಬಿಟ್ಟು, ಆಮೇಲೆ ಕೊಳೆಸಿದ ಸುಣ್ಣಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸಿ ಮೂರು ಪದರ ಕೊಟ್ಟೆವು. ಆ ಬೇಸಿಗೆ ಕಾಯುವುದಿದೆಯಲ್ಲ, ಅದಕ್ಕೆ ಮನೆಯವರನ್ನು ಒಪ್ಪಿಸಲು ನಾನು ಪಟ್ಟ ಪಾಡು ಯಾವ ಎಲಿವೇಶನ್ನಿಗೂ ಪಟ್ಟಿಲ್ಲ. ಕೆ.ಆರ್.ಎಸ್. ಅಣೆಕಟ್ಟು ಸುಣ್ಣ, ಸುರ್ಕಿ (ಸುಟ್ಟ ಇಟ್ಟಿಗೆಯ ಪುಡಿ) ಬೆರೆಸಿದ ಗಾರೆಯಲ್ಲೇ ನಿಂತಿದೆ ಅಂತ ಹೇಳಿದ ಮೇಲೆ ಒಪ್ಪಿದರು.

ಸಹಿ ಹಾಕಬೇಡಿ:

ಇಲ್ಲಿ ನಾನಿಟ್ಟುಕೊಂಡ ಹೆಸರೇ ನನ್ನ ಉತ್ತರ. ಮೇಡಂ, ನೀವೆಲ್ಲ ಹೊಂದಿಕೊಳ್ಳುವ ಕಥೆ ಹೇಳುತ್ತಿದ್ದೀರಿ. ನನಗೆ ಒಪ್ಪಿಗೆಯಿಲ್ಲ. ಮೈಸೂರಿನ ಬೀದಿಬೀದಿಯಲ್ಲಿ ಬಿಸಿಲಿಗೆ ಕಾದ ಗಾಜಿನ ಮುಖಗಳು ಎದ್ದು ನಿಂತಿರುವುದು ನಾವು ಒಬ್ಬೊಬ್ಬರೂ ಸೆಕ್ಷನ್ ಉಳಿಯಿತಲ್ಲ ಅಂತ ಸಮಾಧಾನ ಮಾಡಿಕೊಂಡಿದ್ದರಿಂದ. ಬೀದಿಯಲ್ಲಿ ಹೋಗುವವರಿಗೆ ನಿಮ್ಮ ಸೆಕ್ಷನ್ ಕಾಣುವುದಿಲ್ಲ. ಬೀದಿಯೂ ಊರಿನ ಜನರ ಸೊತ್ತು.

ಕಾನೂನು ಕಾಪಾಡುತ್ತದೆ ಅಂತ ಕಾಯಬೇಡಿ. 1972ರ ಕಾಯ್ದೆ ಆರ್ಕಿಟೆಕ್ಟ್ ಅನ್ನುವ ಪಟ್ಟವನ್ನು ಮಾತ್ರ ಕಾಯುತ್ತದೆ. ನೋಂದಣಿ ಇಲ್ಲದವರು ಆ ಹೆಸರು ಹಾಕಿಕೊಳ್ಳುವಂತಿಲ್ಲ, ಕೆಲಸ ಮಾಡುವುದಕ್ಕೆ ಅಡ್ಡಿಯಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ದೆಹಲಿಯ ಪ್ರಗತಿ ಮೈದಾನದಲ್ಲಿ ರಾಜ್ ರೇವಾಲ್ ಅವರು ವಿನ್ಯಾಸ ಮಾಡಿದ, 1972ರ ಹಾಲ್ ಆಫ್ ನೇಷನ್ಸ್ ಅನ್ನು 2017ರಲ್ಲಿ ನೆಲಸಮ ಮಾಡಿದರು. ಅವರು ಕೋರ್ಟಿಗೆ ಹೋದರು. ಕಟ್ಟಡವನ್ನು ಪೂರ್ತಿ ಕೆಡವುವ ಮಾಲೀಕನನ್ನು ಆರ್ಕಿಟೆಕ್ಟ್ ತಡೆಯಲಾಗದು ಅಂತ 2019ರಲ್ಲಿ ದೆಹಲಿ ಹೈಕೋರ್ಟ್ ತೀರ್ಪು ಕೊಟ್ಟಿತು. ನಮ್ಮ ಕೈಯಲ್ಲಿ ಇರುವ ಒಂದೇ ಅಧಿಕಾರ ಸಹಿ ಹಾಕದೆ ಇರುವುದು.

ಸರಸ್ವತಿಪುರಂ ಆರ್ಕಿಟೆಕ್ಟ್:

ನಿಮ್ಮ ಮಾತು ಚುಚ್ಚಿತು, ಚುಚ್ಚಬೇಕಾದ್ದೇ. ನಾನು ಸಹಿ ಹಾಕದೆ ಎದ್ದು ಬಂದದ್ದು ಒಂದೇ ಒಂದು ಸಲ. ಒಂದು ಶಾಲೆಯ ಕಟ್ಟಡ. ನೆಲಮಹಡಿಗೆ ಗಾಲಿಕುರ್ಚಿ ಹತ್ತುವ ಇಳಿಜಾರು ಬರೆದಿದ್ದೆ. ನನಗೆ ಹೇಳದೆ ಅದನ್ನು ತೆಗೆದು, ಆ ಜಾಗದಲ್ಲಿ ಅಮೃತಶಿಲೆಯ ಮೆಟ್ಟಿಲು ಮಾಡಿದ್ದರು. ಕೇಳಿದರೆ, ಅಂಥ ಮಕ್ಕಳು ನಮ್ಮಲ್ಲಿ ಇಲ್ಲವಲ್ಲ ಅಂದರು. ಉಳಿದ ಫೀಸು ಬರಲಿಲ್ಲ, ಆರು ತಿಂಗಳು ಆಫೀಸಿನ ಬಾಡಿಗೆ ಕಟ್ಟಲು ಒದ್ದಾಡಿದೆ. ಇವತ್ತಿಗೂ ಅದು ಸರಿ ಅನ್ನಿಸುತ್ತದೆ. ಆದರೆ ಮುಂದಿನ ಗೋಡೆಗೆ ಟೈಲ್ಸ್ ಬೇಕು ಅನ್ನುವ ಮನೆಯವರ ಎದುರು ಹಾಗೆ ಎದ್ದು ಬರಲು ನನಗೆ ಮನಸ್ಸಾಗುವುದಿಲ್ಲ. ಅವರು ಮೂವತ್ತು ವರ್ಷ ದುಡಿದ ದುಡ್ಡು ಅದು, ಸಾಲವೂ ಸೇರಿದೆ. ಗಾಜು ಪಶ್ಚಿಮಕ್ಕೆ ಬೇಕು ಅಂದರೆ ಮಾತ್ರ ಜಗಳ ಆಡುತ್ತೇನೆ. ನನ್ನ ಗೆರೆ ಅಲ್ಲಿದೆ. ನಿಮ್ಮದು ಇನ್ನೂ ಈಚೆಗಿದೆ, ಅದನ್ನು ಗೌರವಿಸುತ್ತೇನೆ.

ಐದನೇ ವರ್ಷ:

ಭಾನುವಾರ ನಮ್ಮಜ್ಜಿ ಊರಿಗೆ ಹೋಗಿ ತೊಟ್ಟಿ ಮನೆ ಅಳೆದುಕೊಂಡು ಬಂದೆ. ಪ್ಲಾನ್ ಅಲ್ಲ, ಬರೀ ಸೆಕ್ಷನ್. ತೊಟ್ಟಿಯ ಅಂಚಿನ ಸೂರು ಎಷ್ಟು ತಗ್ಗಿದೆ ಅಂದ್ರೆ ನನ್ನ ತಲೆಗೆ ತಾಗಿತು, ಐದೂವರೆ ಅಡಿ. ಯಾಕಜ್ಜಿ ಇಷ್ಟು ತಗ್ಗು ಅಂದೆ. ಇರಚಲು ಒಳಗೆ ಬರಬಾರದು, ಹೆಂಚು ಒಡೆದರೆ ಏಣಿ ಇಲ್ಲದೆ ಕೈಗೆ ಸಿಗಬೇಕು ಅಂದರು. ಆಮೇಲೆ ಕಂಬ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತು, ನಿಮ್ಮ ತಾತ ಎತ್ತರದ ಆಳು, ದಿನಾ ತಲೆ ತಗ್ಗಿಸಿ ತಗ್ಗಿಸಿ ಅಭ್ಯಾಸ ಆಗಿತ್ತು ಅಂದರು. ನನ್ನ ಥೀಸಿಸ್ ವಿಷಯ ಬದಲಾಯಿಸೋಕೆ ಗೈಡ್ ಹತ್ರ ಕೇಳಿದ್ದೀನಿ.

ಸರಸ್ವತಿಪುರಂ ಆರ್ಕಿಟೆಕ್ಟ್:

ನಿನ್ನೆ ಮನೆಯವರನ್ನೆಲ್ಲ ಆಫೀಸಿಗೆ ಕರೆದಿದ್ದೆ. ಈ ಸಲ ನಕ್ಷೆ ತೋರಿಸಲಿಲ್ಲ. ನಮ್ಮ ಹುಡುಗರು ರಟ್ಟಿನಲ್ಲಿ ಅರ್ಧ ಮನೆ ಮಾಡಿದ್ದರು, ಸೀಳಿದ ಬದಿ ಹೊರಕ್ಕೆ. ಮನೆಯ ಹಿರಿಯರು, ಎಪ್ಪತ್ತು ದಾಟಿದ ಅಮ್ಮ, ಮಾತಾಡದೆ ಅದರ ಸುತ್ತ ಒಂದು ಸುತ್ತು ಬಂದರು. ಹುಡುಗ ಟೇಬಲ್ ಲ್ಯಾಂಪ್ ಹಿಡಿದು ಬೆಳಗ್ಗೆ, ಮಧ್ಯಾಹ್ನ, ಸಂಜೆ ಅಂತ ಸರಿಸುತ್ತಿದ್ದ. ಅಮ್ಮ ಬಗ್ಗಿ, ಕಿಂಡಿಯೊಳಗೆ ಕಿರುಬೆರಳು ತೂರಿಸಿ, ಇದನ್ನು ಮುಚ್ಚುವ ಹಗ್ಗ ಎಲ್ಲಿ ನೇತಾಡುತ್ತೆ ಅಂತ ಕೇಳಿದರು. ಊಟದ ಮೇಜಿನ ಪಕ್ಕದ ಗೋಡೆಗೆ ಅಂದೆ. ಬೇಡ, ಮೊಮ್ಮಕ್ಕಳು ಜಗ್ಗುತ್ತಾರೆ, ದೇವರ ಮನೆ ಬಾಗಿಲ ಹಿಂದೆ ತಾ ಅಂದರು. ತಂದಿದ್ದೇನೆ.

ಎಂಜಿನಿಯರ್ ಸರ್, ಎತ್ತಿದ ಭಾಗ ಉತ್ತರದ ಗೋಡೆಗೆ ಸರಿಯಿತು. ಮೇಲೆ ಮಹಡಿ ಬಂದಾಗ ಅಷ್ಟು ಜಾಗ ಬಾಲ್ಕನಿ, ಎರಡಡಿ ಕಟ್ಟೆಯೇ ಅದರ ಆಸನ. ಸೂರಿನ ಎತ್ತರ 13ರಿಂದ 12 ಅಡಿಗೆ ಇಳಿಯಿತು, ಉದ್ದ ಕೋಲಿನ ಪೊರಕೆಗೆ ಎಟುಕುತ್ತದೆ. ಪೂರ್ವದ ಕಿಂಡಿ ಹೋಯಿತು.

ಮಗ ಕೇಳಿದ ಎಲಿವೇಶನ್ ಹಾಗೇ ಇದೆ. ಗಾಜಿನ ಕಟಕಟೆ ಮಾತ್ರ ಬಿಟ್ಟುಕೊಟ್ಟಿದ್ದಾನೆ, ಒರೆಸುವವರು ಯಾರು ಅಂತ ಅವನ ಅಜ್ಜಿಯೇ ಕೇಳಿದ್ದರಿಂದ.

ಮೇಸ್ತ್ರಿಗಳೇ, ಬರುವ ತಿಂಗಳು ಮೊದಲ ಶುಕ್ರವಾರ ಮೋಲ್ಡ್. ನಮ್ಮ ಕಂಟ್ರಾಕ್ಟರಿಗೆ ಒಂಬತ್ತಿಂಚು ಕಟ್ಟೆಯ ವಿಷಯ ಹೇಳಿದ್ದೇನೆ, ಆದರೂ ನೀವು ಬಂದು ಒಮ್ಮೆ ಶಟರಿಂಗ್ ನೋಡಿದರೆ ನನಗೆ ಧೈರ್ಯ. ಬಸ್ ಸ್ಟ್ಯಾಂಡಿಗೆ ನಮ್ಮ ಹುಡುಗ ಗಾಡಿ ತರುತ್ತಾನೆ. ನಿಮ್ಮ ದಿನದ ಕೂಲಿ ನನ್ನ ಲೆಕ್ಕ.

ಮದ್ದೂರು ಗಾರೆ ಮೇಸ್ತ್ರಿ:

ಬತ್ತೀನಿ ಕಣಮ್ಮ. ಗುರುವಾರ ಸಂಜೇನೇ ಬತ್ತೀನಿ, ಮೋಲ್ಡ್ ದಿನ ಬಂದು ನೋಡುದ್ರೆ ಏನೂ ತಿದ್ದಕ್ಕಾಗಕಿಲ್ಲ. ರಸಮಟ್ಟ ನಂದೇ ತರ್ತೀನಿ.